ಗಡ್ಡೆಯಿಂದ ಗಡ್ಡೆಗೆ: ಆನೆಗೊಂದಿಯಿಂದ ಕುರುಗಡ್ಡೆಯವರೆಗೆ

ಕೊಪ್ಪಳ, ರಾಯಚೂರು ಜಿಲ್ಲೆಗಳ ನಡುಗಡ್ಡೆ ನೋಡಲು ಹೊರಡುವವರು ಮಳೆ ವರದಿ ಬಿಟ್ಟು ಮೊದಲು ಪತ್ರಿಕೆಯಲ್ಲಿ ಬರುವ ಜಲಾಶಯ ಮಟ್ಟದ ಅಂಕಣ ನೋಡಬೇಕು. ಇಲ್ಲಿಯ ಹೊಳೆ ತುಂಬುವುದು ಇಲ್ಲಿಯ ಮಳೆಯಿಂದಲ್ಲ. ತುಂಗಭದ್ರೆಗೆ ಮಲೆನಾಡಿನಲ್ಲಿ ಸುರಿಯಬೇಕು, ಕೃಷ್ಣೆಗೆ ಮಹಾಬಳೇಶ್ವರದ ಕಡೆ ಸುರಿಯಬೇಕು. ಲಿಂಗಸುಗೂರಿನಲ್ಲಿ ಮೋಡದ ಸುಳಿವೂ ಇಲ್ಲದೆ ಬಿಸಿಲು ಕಾಯುತ್ತಿರುತ್ತದೆ, ಅತ್ತ ಗಡ್ಡೆಯ ಸೇತುವೆ ಮುಳುಗಿರುತ್ತದೆ. ಜುಲೈಯಿಂದ ಸೆಪ್ಟೆಂಬರ್‌ ತನಕ ಇಲ್ಲಿ ಇದೇನು ಹೊಸ ಸುದ್ದಿಯಲ್ಲ.

ಆ ಅಂಕಣವನ್ನು ಓದುವುದಕ್ಕೂ ಒಂದು ಕ್ರಮವಿದೆ. ಒಳಹರಿವು, ಹೊರಹರಿವು ಎಂದು ಎರಡು ಲೆಕ್ಕ ಕೊಟ್ಟಿರುತ್ತಾರೆ. ಹೊರಹರಿವಿನಲ್ಲಿ ಕಾಲುವೆಗೆ ಬಿಟ್ಟ ನೀರೂ ಸೇರಿರುತ್ತದೆ. ಗಡ್ಡೆಗೆ ಹೋಗುವವರಿಗೆ ಬೇಕಾದದ್ದು ನದಿಗೆ ಬಿಟ್ಟ ನೀರಿನ ಲೆಕ್ಕ ಮಾತ್ರ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. 11,574 ಕ್ಯೂಸೆಕ್ ದಿನವಿಡೀ ಹರಿದರೆ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ. ನದಿಗೆ ಕೆಲವೇ ಸಾವಿರ ಕ್ಯೂಸೆಕ್ ಹರಿಯುತ್ತಿದ್ದರೆ ತೆಪ್ಪದವರು (ಬುಟ್ಟಿಯಂಥ ಹರಗೋಲೇ ಇಲ್ಲಿ ತೆಪ್ಪ) ನಿಶ್ಚಿಂತೆಯಿಂದ ಹುಟ್ಟು ಹಾಕುತ್ತಾರೆ. ಲಕ್ಷದ ಮಾತು ಬಂತೆಂದರೆ ಹೊಳೆ ದಂಡೆಯ ಊರುಗಳಲ್ಲಿ ಡಂಗುರ ಸಾರಿರುತ್ತಾರೆ, ಪ್ರವಾಸವನ್ನು ಮುಂದೂಡುವುದೇ ಸರಿ. ಗೇಟ್ ಮುಚ್ಚಿದ್ದರೂ ವಿದ್ಯುತ್ ಘಟಕದಿಂದ ನೀರು ಬರುತ್ತಿರುತ್ತದೆ, ಹಾಗಾಗಿ ಬೆಳಿಗ್ಗೆ ಮೊಳಕಾಲು ಮಟ್ಟ ಇದ್ದ ಕಡೆ ಮಧ್ಯಾಹ್ನ ತೊಡೆ ಮಟ್ಟ ಬರಬಹುದು.

ಇಷ್ಟೆಲ್ಲ ನೋಡಿಕೊಂಡು ನವೆಂಬರ್ ಕೊನೆಯ ವಾರ ಹೊರಟಿದ್ದಾಯಿತು. ಹೊಳೆ ತಿಳಿಯಾಗಿರುತ್ತದೆ, ಬಂಡೆ ಕಾಯುವುದಿಲ್ಲ, ಬೆಳಗಿನ ಜಾವ ತೆಳುವಾದ ಸ್ವೆಟರ್ ಸಾಕು. ಮಾರ್ಚ್ ದಾಟಿದರೆ ಹೊಳೆಯಲ್ಲಿ ಬರೀ ಬಂಡೆ, ನಡುನಡುವೆ ಹಸಿರುಗಟ್ಟಿದ ಮಡುಗಳು. ಏಪ್ರಿಲ್, ಮೇನಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ, ಆಗ ಗಡ್ಡೆಯ ಮೇಲೆ ನಿಲ್ಲಲು ನೆರಳಿರುವುದಿಲ್ಲ.

ಮೊದಲ ದಿನ: ಅಂಜನಾದ್ರಿ, ಸಣಾಪುರ, ವಿರುಪಾಪುರ ಗಡ್ಡೆ

ಗಂಗಾವತಿಗೆ ಬಳ್ಳಾರಿಯಿಂದ ಕಂಪ್ಲಿ ಮೇಲೆ ಬಸ್ಸಿದೆ, ಹೊಸಪೇಟೆಯಿಂದಲೂ ಇದೆ, ರೈಲೂ ಇದೆ. ಬೆಳಿಗ್ಗೆ ಆರಕ್ಕೇ ಬಸ್ ಸ್ಟ್ಯಾಂಡ್ ಎದುರಿನ ಬಂಡಿಗಳಲ್ಲಿ ಮಂಡಕ್ಕಿ ಒಗ್ಗರಣೆ ಬಿಸಿಯಾಗಿರುತ್ತದೆ. ಜತೆಗೆ ಎರಡು ಮಿರ್ಚಿ, ಮೇಲೆ ಹುರಿಗಡಲೆ ಪುಡಿ. ಇದನ್ನು ಅಲ್ಲೇ ತಿಂದು ಮುಗಿಸಬೇಕು, ಕಟ್ಟಿಸಿಕೊಂಡು ಅಂಜನಾದ್ರಿ ಹತ್ತಿದರೆ ಅದು ಕೋತಿಗಳ ಪಾಲು. ಅಲ್ಲಿಯ ಕೋತಿಗಳಿಗೆ ಪ್ಲಾಸ್ಟಿಕ್ ಚೀಲದ ಸಪ್ಪಳವೇ ಸಾಕು. ಒಳಗೆ ಏನಿದೆ ಎಂದು ಆಮೇಲೆ ನೋಡುತ್ತವೆ.

ಅಂಜನಾದ್ರಿಗೆ 575 ಮೆಟ್ಟಿಲು. ಏಳರ ಹೊತ್ತಿಗೆ ಹತ್ತಲು ಶುರು ಮಾಡಿದರೆ ಮೊಳಕಾಲಿಗೂ ಹಿತ, ಬರಿಗಾಲಿಗೂ ಹಿತ. ದರ್ಶನ ಮುಗಿದ ಮೇಲೆ ದಕ್ಷಿಣಕ್ಕೆ ಮುಖ ಮಾಡಿ ಸ್ವಲ್ಪ ಹೊತ್ತು ನಿಲ್ಲಿ. ಮುಂದಿನ ಎರಡು ದಿನದ ನಕ್ಷೆಯೆಲ್ಲ ಕೆಳಗೆ ಹರಡಿರುತ್ತದೆ. ಭತ್ತದ ಗದ್ದೆ, ಬಾಳೆ ತೋಟ, ಅವುಗಳ ಆಚೆ ಗುಡ್ಡದ ಸಂದಿಯಲ್ಲಿ ತುಂಗಭದ್ರೆ. ಹೊಳೆ ಬಂಡೆಗೆ ಸಿಕ್ಕು ಸೀಳಾಗಿ, ಮತ್ತೆ ಕೂಡಿ, ಮತ್ತೆ ಸೀಳಾಗುತ್ತದೆ. ಬಿಳಿ ನೊರೆ ಗೆರೆಯಂತೆ ಕಾಣುವಲ್ಲಿ ಬಂಡೆ ಮೇಲೇ ಇದೆ, ನೀರು ತೆಳುವು. ಕಪ್ಪಾಗಿ ನುಣುಪಾಗಿ ನಿಂತಂತೆ ಕಾಣುವಲ್ಲಿ ಮಡು. ಈಜಲು ಬಂದವರು ಜೀವ ಕಳೆದುಕೊಳ್ಳುವುದು ಹೆಚ್ಚಾಗಿ ಈ ನುಣುಪು ನೀರಿನಲ್ಲಿ. ಮೇಲೆ ಅಲುಗಾಡದ ನೀರು ಬಂಡೆಗಳ ಬುಡದಲ್ಲಿ ಸುಳಿಯಾಗಿ ತಿರುಗುತ್ತಿರುತ್ತದೆ, ಕೊರೆದ ಪೊಟರೆಯೊಳಗೆ ಕಾಲು ಸಿಕ್ಕರೆ ಬಿಡಿಸಿಕೊಳ್ಳಲಾಗದು.

ಮೆಟ್ಟಿಲ ಬಳಿ ತೆಂಗಿನಕಾಯಿ ಮಾರುತ್ತಿದ್ದ ಅಜ್ಜನೊಬ್ಬರನ್ನು, ಒಂಬತ್ತು ಯತಿಗಳ ವೃಂದಾವನಗಳಿರುವ ನವವೃಂದಾವನ ಗಡ್ಡೆಗೆ ತೆಪ್ಪ ಇದೆಯೇ ಎಂದು ಕೇಳಿದಾಗ ಅವರು ಹೊಳೆ ಕಡೆ ಗದ್ದ ಎತ್ತಿ ತೋರಿಸಿದರು. "ಹೊಳೀ ಒಳಗ ಬಂಡಿ ಎಷ್ಟ ಕಾಣ್ತಾವ ನೋಡ್ರಿ. ಬಂಡಿ ಕಾಣ್ತಿದ್ರ ತೆಪ್ಪ ನಡೀತದ. ಬಂಡಿ ಮುಳುಗಿದ್ವು ಅಂದ್ರ ಸ್ವಾಮಿಗೋಳಿಗೆ ಇಲ್ಲಿಂದ್ಲೇ ಕೈ ಮುಗೀರಿ." ಇದಕ್ಕಿಂತ ಸರಳ ಅಳತೆ ಯಾವ ಇಲಾಖೆಯ ಬಳಿಯೂ ಸಿಗಲಿಕ್ಕಿಲ್ಲ.

ಅಲ್ಲಿಂದ ಸಣಾಪುರ ಹತ್ತಿರ. ಕೆರೆಯ ಹಿನ್ನೀರಿನಲ್ಲಿ ಹರಗೋಲು ಸವಾರಿ ಇದೆ, ಇಬ್ಬರಿಂದ ನಾಲ್ವರವರೆಗೆ ಕೂಡಿಸುತ್ತಾರೆ. ದರವನ್ನು ತಲೆ ಲೆಕ್ಕವೋ ಹರಗೋಲಿನ ಲೆಕ್ಕವೋ ಎಂದು ಹತ್ತುವ ಮೊದಲೇ ಕೇಳಿಕೊಳ್ಳಿ, ಜಗಳ ಆಗುವುದೆಲ್ಲ ಇಲ್ಲೇ. ಲೈಫ್ ಜಾಕೆಟ್ ಕೊಟ್ಟರೆ ಹಾಕಿಕೊಂಡಷ್ಟಕ್ಕೆ ಮುಗಿಯಲಿಲ್ಲ. ಭುಜದ ಬಳಿ ಹಿಡಿದು ಮೇಲಕ್ಕೆ ಎಳೆಯಬೇಕು. ಜಾಕೆಟ್ ಕಿವಿಯವರೆಗೆ ಏರಿ ಬಂದರೆ ಸಡಿಲವಿದೆ ಎಂದರ್ಥ, ನೀರಿಗೆ ಬಿದ್ದರೆ ಅದು ಮೇಲೆ ತೇಲುತ್ತದೆ, ನೀವು ಕೆಳಗೆ ಜಾರುತ್ತೀರಿ. ಹರಗೋಲನ್ನು ಗಿರಗಿರ ತಿರುಗಿಸುವ ಆಟ ಇಲ್ಲಿಯ ಆಕರ್ಷಣೆ. ತಿಂಡಿ ತಿಂದ ಕೂಡಲೇ ಬೇಡ. ಬಂಡೆ ಮೇಲಿಂದ ನೀರಿಗೆ ಹಾರುವವರನ್ನು ನೋಡಿ ಹುರುಪುಗೊಳ್ಳುವುದಂತೂ ಬೇಡವೇ ಬೇಡ.

ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿ.ಮೀ. ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶ ಎಂದು ಘೋಷಿಸಿದ್ದಾರೆ. ನೀರುನಾಯಿ ಕಾಣಬೇಕಾದರೆ ಬೆಳಕು ಹರಿಯುವಾಗ ಸದ್ದಿಲ್ಲದೆ ದಂಡೆಯಲ್ಲಿ ಕೂರಬೇಕು. ಹೊಳೆಯಲ್ಲಿ ಮೊಸಳೆಗಳೂ ಇವೆ, ಚಳಿಗಾಲದ ಬೆಳಿಗ್ಗೆ ಬಂಡೆ ಮೇಲೆ ಮೈ ಕಾಯಿಸಿಕೊಳ್ಳುತ್ತವೆ. ಮೀನುಗಾರರು ಬಲೆ ಬಿಡದ ಜಾಗದಲ್ಲಿ ನೀವೂ ಕಾಲು ಇಡಬೇಡಿ.

ವಿರುಪಾಪುರ ಗಡ್ಡೆ ಹಂಪಿಯ ವಿರೂಪಾಕ್ಷ ಗುಡಿಯ ಎದುರು ದಂಡೆ. ಒಂದು ಕಾಲಕ್ಕೆ ಇಲ್ಲಿ ರೆಸಾರ್ಟುಗಳದ್ದೇ ದರ್ಬಾರು, ಅರ್ಧ ಬೋರ್ಡು ಹೀಬ್ರೂನಲ್ಲಿ ಇರುತ್ತಿತ್ತು. 2019ರ ಆಗಸ್ಟ್‌ನಲ್ಲಿ ಜಲಾಶಯದಿಂದ ಭಾರಿ ನೀರು ಬಿಟ್ಟಾಗ ನೂರಾರು ಪ್ರವಾಸಿಗರು ಗಡ್ಡೆಯಲ್ಲಿ ಸಿಕ್ಕಿಬಿದ್ದರು, ದೋಣಿ, ಹೆಲಿಕಾಪ್ಟರ್ ತಂದು ಅವರನ್ನು ಹೊರತರಬೇಕಾಯಿತು. ಮರುವರ್ಷ ಸುಪ್ರೀಂ ಕೋರ್ಟ್ ತೀರ್ಪು ಬಂದು ಆ ಕಟ್ಟಡಗಳೆಲ್ಲ ನೆಲಸಮವಾದವು. ಇವತ್ತಿಗೂ ಹಳೆಯ ಬರಹಗಳನ್ನು ಓದಿಕೊಂಡು "ಗಡ್ಡೆಯಲ್ಲಿ ರೂಮು" ಹುಡುಕುತ್ತಾ ಬರುವವರಿದ್ದಾರೆ. ಉಳಿಯಲು ಆನೆಗೊಂದಿ, ಸಣಾಪುರ ಇಲ್ಲವೇ ಗಂಗಾವತಿ ನೋಡಿಕೊಳ್ಳಿ. ಗಡ್ಡೆಯಲ್ಲೀಗ ಗದ್ದೆ, ಬಂಡೆ, ಸಂಜೆ ಬೆಳಕು. ನೋಡಲು ಅಷ್ಟು ಸಾಕು.

ಹಂಪಿಗೆ ದಾಟುವ ದೋಣಿ ಸಂಜೆ ಕತ್ತಲಾಗುವ ಮೊದಲೇ ನಿಲ್ಲುತ್ತದೆ, ನೀರು ಹೆಚ್ಚಿದ ದಿನ ಇಡೀ ದಿನವೇ ಇರುವುದಿಲ್ಲ. ಅಂದು ಬೆಂಗಳೂರಿನ ನಾಲ್ಕು ಹುಡುಗರು ಸೂರ್ಯ ಮುಳುಗುವ ಫೋಟೊ ಮುಗಿಸಿಕೊಂಡು ಬರುವಷ್ಟರಲ್ಲಿ ದೋಣಿ ಆಚೆ ದಡ ಸೇರಿತ್ತು. ಅವರ ಬ್ಯಾಗು, ರೂಮು ಎಲ್ಲ ಕಣ್ಣಿಗೆ ಕಾಣುವ ದೂರದಲ್ಲೇ, ಹಂಪಿಯಲ್ಲಿ. ಕಡೆಗೆ ಆಟೊ ಹಿಡಿದು ಆನೆಗೊಂದಿ, ಕಡೆಬಾಗಿಲು, ಬುಕ್ಕಸಾಗರ ಸೇತುವೆ, ಕಮಲಾಪುರ ಎಂದು ಸುತ್ತು ಹಾಕಿ ಹೋದರು. ರಾತ್ರಿ ಆಟೊದವರು ಹೇಳಿದ್ದೇ ದರ. ಹಾಗಾಗಿ ದೋಣಿಯಲ್ಲಿ ಬಂದವರು ಇಳಿಯುವಾಗಲೇ "ಕಡೀ ದೋಣಿ ಎಷ್ಟಕ್ಕರೀ?" ಎಂದು ಕೇಳಿ, ಅದಕ್ಕೆ ಅರ್ಧ ತಾಸು ಮೊದಲೇ ದಂಡೆಯಲ್ಲಿರಬೇಕು.

ಎರಡನೇ ದಿನ: ನವವೃಂದಾವನ, ಆಮೇಲೆ ಸಿಂಧನೂರು ರಸ್ತೆ

ಆನೆಗೊಂದಿಯಲ್ಲಿ ಬೆಳಗಾಗುವುದು ಗುಡಿ ಗಂಟೆಯ ಜತೆ. ಗಗನ ಮಹಲ್ ದಾಟಿ, ರಂಗನಾಥ ಗುಡಿ ಪಕ್ಕದಿಂದ ಹೊಳೆ ದಾರಿ ಹಿಡಿದು ಇಳಿದರೆ ದೋಣಿ ಕಟ್ಟೆ. ಆರೂವರೆ ಏಳರ ಹೊತ್ತಿಗೆ ಗಾಳಿ ಇರುವುದಿಲ್ಲ, ಜನವೂ ಕಡಿಮೆ. ಹತ್ತರ ಮೇಲೆ ಬಸ್ಸುಗಟ್ಟಲೆ ಭಕ್ತರು ಬರುತ್ತಾರೆ.

ತೆಪ್ಪ ಹೇಗೆ ಕಟ್ಟುತ್ತಾರೆ ಎಂದು ತಿಳಿದಿದ್ದರೆ ಅದರಲ್ಲಿ ಹೇಗೆ ಕೂರಬೇಕು ಎಂದು ಯಾರೂ ಹೇಳಿಕೊಡಬೇಕಿಲ್ಲ. ಸೀಳಿದ ಬಿದಿರ ಪಟ್ಟಿಗಳನ್ನು ನಡುವಿನಿಂದ ಹೆಣೆಯುತ್ತಾ ಬಂದು, ಅಂಚಿನಲ್ಲಿ ದಪ್ಪಗೆ ಸುತ್ತಿ ಬಿಗಿಯುತ್ತಾರೆ. ಹಿಂದೆ ಹೊರಮೈಗೆ ತೊಗಲು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಚೀಲಗಳನ್ನು ಬಿಚ್ಚಿ ಹೊಲಿದು ಹೊದಿಸಿ ಡಾಂಬರು ಬಳಿಯುತ್ತಾರೆ. ತಳ ಚಪ್ಪಟೆ, ಮೂಗೂ ಇಲ್ಲ, ಬಾಲವೂ ಇಲ್ಲ. ಗೇಣುದ್ದ ನೀರಿದ್ದರೂ ಬಂಡೆಗಳ ಮೇಲೆ ಜಾರಿಕೊಂಡು ಹೋಗುತ್ತದೆ, ದೊಡ್ಡ ದೋಣಿ ಹೋಗದ ಕಡೆ ಇದು ಹೋಗುವುದು ಹಾಗೆ. ಆದರೆ ಭಾರ ಒಂದೇ ಕಡೆ ಬಿದ್ದರೆ ಆ ಅಂಚು ನೀರಿಗೆ ಬಾಗುತ್ತದೆ. ಒಬ್ಬೊಬ್ಬರಾಗಿ ಹತ್ತಬೇಕು, ಕಾಲನ್ನು ನಡುವೆ ಇಡಬೇಕು, ಎದುರುಬದುರು ತಳಕ್ಕೇ ಕುಕ್ಕರಿಸಬೇಕು. ಫೋಟೊಗೆಂದು ಎಲ್ಲರೂ ಒಂದು ಬದಿಗೆ ತಿರುಗಿದಾಗಲೇ ಅಂಬಿಗರು ಕೂಗಾಡುವುದು.

ಇಲ್ಲಿ ಬಿಳಿ ಪಂಚೆಯವರಿಗೆ ಒಂದು ಮಾತು. ಬಿಸಿಲೇರಿದಂತೆ ಅಂಚಿನ ಡಾಂಬರು ಮೆತ್ತಗಾಗುತ್ತದೆ, ಒರಗಿ ಕೂತರೆ ಬೆನ್ನಿಗೆ, ಪಂಚೆಗೆ ಕಪ್ಪು ಪಟ್ಟೆ. ಜತೆಗಿದ್ದ ಶಿಕ್ಷಕರೊಬ್ಬರ ಹೊಸ ಪಂಚೆಗೆ ಹೀಗೇ ಆಯಿತು. ಅವರು ಹೊಳೆಯಲ್ಲೇ ಸೋಪು ಹಚ್ಚಿ ಉಜ್ಜಿದಷ್ಟೂ ಅದು ಅಗಲವಾಯಿತು. ಡಾಂಬರಿಗೆ ನೀರು, ಸೋಪು ಮೊದಲು ಹಚ್ಚಬಾರದು. ಒಣ ಬಟ್ಟೆಯ ಮೇಲೇ ಕೊಬ್ಬರಿ ಎಣ್ಣೆ ಹಾಕಿ ಹತ್ತು ನಿಮಿಷ ಬಿಟ್ಟು, ಹಳೆ ಬಟ್ಟೆಯಲ್ಲಿ ಹೊರಗಿನಿಂದ ಒಳಕ್ಕೆ ಒತ್ತಿ ತೆಗೆದು, ಆಮೇಲೆ ಸೋಪು. ಹತ್ತುವ ಮೊದಲೇ ಒಂದು ಹಳೆ ಟವಲು ಹಾಸಿಕೊಂಡರೆ ಈ ರಾಮಾಯಣವೇ ಇಲ್ಲ.

ಅಂಬಿಗ ತೆಪ್ಪವನ್ನು ನೇರ ಗಡ್ಡೆ ಕಡೆ ಬಿಡಲಿಲ್ಲ. ಮೊದಲು ದಂಡೆಗುಂಟ ನೀರಿಗೆದುರಾಗಿ ಮೇಲಕ್ಕೆ ಸಾಗಿಸಿದ. ಅಲ್ಲಿಂದ ಬಿಟ್ಟಾಗ ಹೊಳೆಯೇ ಓರೆಯಾಗಿ ಕೆಳಕ್ಕೆ ತಳ್ಳುತ್ತಾ ಗಡ್ಡೆಯ ಬಂಡೆಗೆ ತಂದು ಮುಟ್ಟಿಸಿತು. ಹುಟ್ಟು ಹಾಕಿದ್ದು ದಿಕ್ಕು ತಿದ್ದಲಷ್ಟೇ. "ಹೊಳಿ ಕೂಡ ಜಗಳಾಡಬಾರದ್ರಿ ಸರ, ಅದು ಹೋಗೋ ಕಡೀ ನಾವೂ ಒಂಚೂರು ಹೋಗಬೇಕು" ಎಂದ. ಇಪ್ಪತ್ತರ ಆಸುಪಾಸಿನ ಹುಡುಗ, ಅಪ್ಪನೂ ಅಜ್ಜನೂ ಇದೇ ಕಟ್ಟೆಯಲ್ಲಿ ಹುಟ್ಟು ಹಾಕಿದವರಂತೆ.

ಗಡ್ಡೆಯಲ್ಲಿ ಒಂಬತ್ತು ಮಾಧ್ವ ಯತಿಗಳ ವೃಂದಾವನಗಳಿವೆ: ಪದ್ಮನಾಭತೀರ್ಥರು, ಕವೀಂದ್ರತೀರ್ಥರು, ವಾಗೀಶತೀರ್ಥರು, ರಘುವರ್ಯತೀರ್ಥರು, ವ್ಯಾಸರಾಜರು, ಶ್ರೀನಿವಾಸತೀರ್ಥರು, ರಾಮತೀರ್ಥರು, ಸುಧೀಂದ್ರತೀರ್ಥರು, ಗೋವಿಂದ ಒಡೆಯರು. ಪದ್ಮನಾಭತೀರ್ಥರು ಮಧ್ವಾಚಾರ್ಯರ ನೇರ ಶಿಷ್ಯರು, ಸುಧೀಂದ್ರತೀರ್ಥರು ಮಂತ್ರಾಲಯದ ರಾಯರ ಗುರುಗಳು. ವ್ಯಾಸರಾಜರ ವೃಂದಾವನವನ್ನು 2019ರ ಜುಲೈನಲ್ಲಿ ದುಷ್ಕರ್ಮಿಗಳು ಕೆಡವಿದ್ದರು, ಕೆಲವೇ ದಿನಗಳಲ್ಲಿ ಅದನ್ನು ಮತ್ತೆ ಕಟ್ಟಿದರು. ಸುತ್ತ ಎಳೆದಿರುವ ಗೆರೆ ದಾಟಬಾರದು, ಪ್ರದಕ್ಷಿಣೆ ಹೊರಗಿನಿಂದಲೇ. ಚಪ್ಪಲಿಯನ್ನು ಆನೆಗೊಂದಿ ದಂಡೆಯಲ್ಲಿ ಬಿಟ್ಟು ಬರುವವರು ಹೆಚ್ಚು. ಅದಕ್ಕಿಂತ ಚೀಲದಲ್ಲಿಟ್ಟು ತಂದು ಗಡ್ಡೆಯ ದಡದಲ್ಲಿ ಬಿಡುವುದು ಮೇಲು. ಆರಾಧನೆಯ ದಿನಗಳಲ್ಲಿ ಮಠಗಳ ಜನ ಕಿಕ್ಕಿರಿದಿರುತ್ತಾರೆ, ಪೂಜೆಯ ಹಕ್ಕಿನ ವ್ಯಾಜ್ಯ ಕೋರ್ಟಿನ ಮೆಟ್ಟಿಲೂ ಏರಿದೆ, ಪೊಲೀಸ್ ಕಾವಲೂ ಇರುತ್ತದೆ. ನೆಮ್ಮದಿಯಾಗಿ ನೋಡಬೇಕೆನ್ನುವವರು ಆ ತಿಥಿಗಳನ್ನು ಪಂಚಾಂಗದಲ್ಲಿ ನೋಡಿಕೊಂಡು ಬಿಟ್ಟುಬಿಡಿ.

ಗಡ್ಡೆಯಲ್ಲಿ ಅಂಗಡಿ ಇಲ್ಲ. ಕುಡಿಯುವ ನೀರು ಜತೆಗಿರಲಿ, ಖಾಲಿ ಬಾಟಲಿ ಜತೆಗೇ ಬರಲಿ.

ಆನೆಗೊಂದಿಗೆ ಮರಳಿ ಊಟ ಮಾಡಿಕೊಂಡು ಗಂಗಾವತಿ, ಕಾರಟಗಿ, ಸಿಂಧನೂರು ದಾರಿ. ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆ, ಕಣ್ಣು ಹಾಯುವಷ್ಟೂ ಭತ್ತ, ನಡುವೆ ಕ್ಯಾಂಪುಗಳೆಂಬ ವಲಸೆ ರೈತರ ಊರುಗಳು, ರೈಸ್ ಮಿಲ್ಲಿನ ಚಿಮಣಿಗಳು. ಕೊಯ್ಲಿನ ತಿಂಗಳಲ್ಲಿ ಇಲ್ಲಿಯ ರೈತರಿಗೆ ಡಾಂಬರು ರಸ್ತೆಯೇ ಕಣ. ಅರ್ಧ ರಸ್ತೆಗೆ ಭತ್ತ ಹರವಿ ಅಂಚಿಗೆ ಕಲ್ಲಿಟ್ಟಿರುತ್ತಾರೆ. ಬೈಕಿನವರು ಅದರ ಮೇಲೆ ಬ್ರೇಕ್ ಹಿಡಿದರೆ ಗಾಲಿ ಜಾರುವುದು ಖಂಡಿತ, ಮೊದಲೇ ವೇಗ ಇಳಿಸಿ ನೇರವಾಗಿ ದಾಟಿಬಿಡಬೇಕು. ಕತ್ತಲಾದ ಮೇಲೆ ಆ ಕಲ್ಲುಗಳು ಕಾಣುವುದಿಲ್ಲ, ಕಟಾವು ಯಂತ್ರಗಳು ದೀಪವಿಲ್ಲದೆ ಎದುರು ಬರುತ್ತವೆ. ಬೆಳಕಿರುವಾಗಲೇ ಲಿಂಗಸುಗೂರು ಸೇರಿಕೊಳ್ಳಿ.

ಮೀನು ತಿನ್ನುವವರು ಸಿಂಧನೂರಿನಲ್ಲಿ ಸ್ವಲ್ಪ ತಡೆದು ಹೋಗಬೇಕು. ಬಾಂಗ್ಲಾ ಕಡೆಯಿಂದ ಬಂದ ಬಂಗಾಳಿ ಕುಟುಂಬಗಳನ್ನು ಈ ತಾಲ್ಲೂಕಿನ ಪುನರ್ವಸತಿ ಕ್ಯಾಂಪುಗಳಲ್ಲಿ ನೆಲೆಗೊಳಿಸಿದ್ದಾರೆ, ಸಾಸಿವೆ ಹಾಕಿದ ಮೀನು ಸಾರು ಇಲ್ಲಿ ಮನೆ ಮಾತು. ಮುಂದೆ ಮಸ್ಕಿಯಲ್ಲಿ ಅಶೋಕನ ಶಾಸನ. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಎಂಜಿನಿಯರ್ ಬೀಡನ್ ಇದನ್ನು ಕಂಡದ್ದು; 'ದೇವಾನಾಂಪ್ರಿಯ' ಎಂಬುದು ಅಶೋಕನೇ ಎಂದು ಗಟ್ಟಿಯಾದದ್ದು ಇದರಲ್ಲಿ ಅವನ ಹೆಸರಿದ್ದುದರಿಂದ. ರಸ್ತೆಯಿಂದ ಹೆಚ್ಚು ದೂರವಿಲ್ಲ, ಅರ್ಧ ತಾಸು ಸಾಕು.

ಮೂರನೇ ದಿನ: ಜಲದುರ್ಗ

ಲಿಂಗಸುಗೂರು ಬಿಡುವಾಗ ಮೂರು ವಸ್ತು ತುಂಬಿಕೊಳ್ಳಬೇಕು: ತಲೆಗೆ ಎರಡು ಲೀಟರ್‌ನಂತೆ ನೀರು, ಊಟದ ಬುತ್ತಿ, ಗಾಡಿಗೆ ಪೆಟ್ರೋಲ್. ಜಲದುರ್ಗದಲ್ಲಿ ಹೋಟೆಲ್ ಎನ್ನುವಂಥದ್ದು ಇಲ್ಲ. ಖಾನಾವಳಿಯಲ್ಲಿ ಜೋಳದ ಕಟಕು ರೊಟ್ಟಿ, ಶೇಂಗಾ ಹಿಂಡಿ (ಚಟ್ನಿ ಪುಡಿ), ಪುಂಡಿಪಲ್ಯೆ ಕಟ್ಟಿಸಿಕೊಂಡರೆ ಸಂಜೆಯವರೆಗೂ ಕೆಡುವುದಿಲ್ಲ. ಮೊಸರನ್ನ ಬೇಡ, ಮಧ್ಯಾಹ್ನಕ್ಕೇ ಹುಳಿಯುತ್ತದೆ.

ನಾರಾಯಣಪುರದ ಬಸವಸಾಗರ ಜಲಾಶಯ ದಾಟಿದ ಮೇಲೆ ಕೃಷ್ಣೆ ಕಲ್ಲು ನೆಲದಲ್ಲಿ ಕವಲೊಡೆಯುತ್ತಾಳೆ. ಆ ಕವಲುಗಳ ನಡುವೆ ಊರುಗಳು, ಹೊಲಗಳು, ಕುರಿಹಟ್ಟಿಗಳು. ಯರಗೋಡಿ, ಯಳಗುಂದಿ, ಹಂಚಿನಾಳ, ಕಡದರಗಡ್ಡಿ ಎಂಬ ಹೆಸರುಗಳು ಪ್ರತಿ ಮಳೆಗಾಲ ಪತ್ರಿಕೆಯಲ್ಲಿ "ಸಂಪರ್ಕ ಕಡಿತ" ಎಂಬ ತಲೆಬರಹದ ಕೆಳಗೆ ಬರುತ್ತವೆ. ಶೀಲಹಳ್ಳಿ ಸೇತುವೆ ತಗ್ಗಿನದು, ನದಿಗೆ ಹೆಚ್ಚು ನೀರು ಬಿಟ್ಟಾಗ ಮೊದಲು ಮುಳುಗುವುದೇ ಅದು. ಆಗ ಗಡ್ಡೆಯವರು ಪೇಟೆಗೆ ಬರಲು ದೊಡ್ಡ ಸುತ್ತು ಹಾಕಬೇಕು. ಸೇತುವೆ ಮೇಲೆ ಹಿಮ್ಮಡಿ ಮುಳುಗುವಷ್ಟೇ ನೀರಿದ್ದರೂ ದಾಟುವ ಸಾಹಸ ಬೇಡ. ಕೆಂಪು ನೀರಿನಡಿ ಅಂಚು ಎಲ್ಲಿ ಮುಗಿಯುತ್ತದೆಂದು ಕಾಣುವುದಿಲ್ಲ, ಹೂಳು ಕೂತು ಪಾಚಿಗಿಂತ ಜಾರುತ್ತದೆ, ಬದಿಯಿಂದ ತಳ್ಳುವ ಹರಿವಿಗೆ ಬೈಕ್ ಎಂಬುದು ಹಗುರ ವಸ್ತು. ನೀರು ಇಳಿದ ಮರುದಿನವೂ ಹೂಳು ಒಣಗುವವರೆಗೆ ಇಳಿದು ತಳ್ಳಿಕೊಂಡು ಹೋಗುವುದೇ ಲೇಸು.

ದಾರಿಯಲ್ಲಿ ಗಾಲಿ ಪಂಕ್ಚರ್ ಆಯಿತು. ಈ ಸೀಮೆಯಲ್ಲಿ ಬಳ್ಳಾರಿ ಜಾಲಿ ಬೇಲಿಗೆ ಕಡಿದು ಹಾಕಿದ್ದು ರಸ್ತೆಗೆ ಬಿದ್ದಿರುತ್ತದೆ, ಅದರ ಮುಳ್ಳು ಚಪ್ಪಲಿಯ ಅಟ್ಟೆಯನ್ನೂ ಬಿಡುವುದಿಲ್ಲ. ಟ್ಯೂಬ್‌ಲೆಸ್ ಗಾಲಿಯಾದರೆ ಮುಳ್ಳು ಕಂಡ ಕೂಡಲೇ ಕಿತ್ತುಬಿಡಬೇಡಿ. ಅದೇ ಬಿರಡೆಯಾಗಿ ಗಾಳಿ ತಡೆದಿರುತ್ತದೆ, ಗಾಳಿ ತುಂಬಿಕೊಂಡು ಮೆಲ್ಲಗೆ ಪಂಕ್ಚರ್ ಅಂಗಡಿಯವರೆಗೆ ಹೋಗಬಹುದು. ಕಿತ್ತರೆ ಅಲ್ಲೇ ಕೂರಬೇಕು. ಸೈಕಲ್ ಪಂಪಿನಷ್ಟು ಪುಟ್ಟ ಪಂಪ್ ಒಂದಿದ್ದರೆ ಈ ದಾರಿಯಲ್ಲಿ ಅದಕ್ಕೆ ಕೆಲಸ ಸಿಕ್ಕೇ ಸಿಗುತ್ತದೆ.

ಜಲದುರ್ಗದ ಕೋಟೆ ಹೊಳೆ ಮೇಲಿನ ಕಡಿದಾದ ಬಂಡೆ ಮೇಲೆ ನಿಂತಿದೆ. ಎರಡೂ ಕಡೆ ಕೃಷ್ಣೆ. ಬಿಜಾಪುರದ ಆದಿಲ್‌ಶಾಹಿಗಳ ಕಾಲದಲ್ಲಿ ಇದು ಮಹತ್ವದ ಗಡಿ ಕೋಟೆ. ಅಪರಾಧಿಗಳನ್ನು ಇಲ್ಲಿಂದ ಹೊಳೆಗೆ ನೂಕುತ್ತಿದ್ದರು ಎಂದು ಊರವರು ಜಾಗ ತೋರಿಸಿ ಹೇಳುತ್ತಾರೆ. ನಿಂತು ನೋಡಿದರೆ ನಂಬದೆ ಇರುವುದು ಕಷ್ಟ. ಬಂಡೆಯಂಚಿಗೆ ಕಂಬಿ ಇಲ್ಲ, ಕಟ್ಟೆ ಇಲ್ಲ. ಒಣಗಿದ ಹುಲ್ಲು ಕಲ್ಲಿನ ಮೇಲೆ ಮಲಗಿ ಕಾಲಿಗೆ ಜಾರುತ್ತದೆ. ಅಂಚಿನಿಂದ ಎರಡಾಳು ದೂರದಲ್ಲಿ ಕೂತು ನೋಡಿದರೂ ಕಾಣುವುದೆಲ್ಲ ಕಾಣುತ್ತದೆ. ಮಕ್ಕಳ ಕೈ ಬಿಡಬೇಡಿ. ಬಿದ್ದ ಗೋಡೆಯ ಸಂದಿಗಳಲ್ಲಿ ಕೈ ಹಾಕಬೇಡಿ, ಚೇಳುಗಳಿಗೆ ಅದು ತಂಪು ಮನೆ.

ಕೆಳಗೆ ಕೃಷ್ಣೆ ಬಂಡೆಯಿಂದ ಬಂಡೆಗೆ ಇಳಿಯುವುದನ್ನು ತುಂಬಿದ ರೂಪದಲ್ಲಿ ನೋಡಬೇಕೆಂದರೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಒಳ್ಳೆಯದು. ಪ್ರವಾಹ ಇಳಿದಿರುತ್ತದೆ, ಹರಿವು ಉಳಿದಿರುತ್ತದೆ. ನವೆಂಬರ್ ಕೊನೆಗೆ ನೀರು ಸೀಳುಗಳಲ್ಲಷ್ಟೇ ಇತ್ತು. ಕೊರೆದ ಬಂಡೆಗಳ ಹೊಟ್ಟೆಯಲ್ಲಿ ನಿಂತ ನೀರು, ಅಂಚಿನಲ್ಲಿ ಕಾಲಿಟ್ಟು ಕೂತ ಬೆಳ್ಳಕ್ಕಿಗಳು.

ಅಲ್ಲೇ ಮೇಕೆ ಕಾಯುತ್ತಿದ್ದವರೊಬ್ಬರು ಬುತ್ತಿಗೆ ಜತೆಯಾದರು. ಹಿಂಡಿ ತಿಂದು "ಖಾರ ಕಡಿಮಿ ಆತ್ರಿ" ಎಂದು ತೀರ್ಪು ಕೊಟ್ಟು, ತಮ್ಮ ಚೀಲದಿಂದ ಹಸಿ ಉಳ್ಳಾಗಡ್ಡಿ ತೆಗೆದು ಅಂಗೈಯಲ್ಲಿ ಗುದ್ದಿ ಒಡೆದು ಎಲ್ಲರಿಗೂ ಹಂಚಿದರು. ಪ್ರವಾಹ ಬಂದಾಗ ಗಡ್ಡೆಯಲ್ಲಿ ಸಿಕ್ಕ ಕುರಿಗಾರರನ್ನು ಕರೆತರಲು ದೋಣಿ ಕಳಿಸಿದರೂ ಅವರು ಹತ್ತುವುದಿಲ್ಲ ಎಂದು ಓದಿದ ಸುದ್ದಿಯ ಮಾತು ಬಂತು. "ಹ್ಯಾಂಗ ಹತ್ತತಾರ್ರಿ ಯಪ್ಪಾ? ದೋಣ್ಯಾಗ ಮನಶ್ಯಾರಿಗೆ ಜಾಗ ಐತಿ, ಕುರಿಗೆ ಇಲ್ಲ. ಕುರಿ ಬಿಟ್ಟು ಬಂದ್ರ ನಾಯಿ, ತೋಳ ಬಿಡ್ತಾವೇನು? ನೀರು ನಾಕ ದಿನಕ್ಕ ಇಳೀತದ. ಜ್ವಾಳ, ಉಪ್ಪು, ಬೆಂಕಿಪೆಟ್ಟಿಗಿ ಮೊದ್ಲ ಇಟ್ಕೊಂಡಿರ್ತೀವಿ." ನೀರು ಎಷ್ಟು ಏರಬಹುದು ಎಂದು ಅವರಿಗೆ ಗಡ್ಡೆಯ ಒಂದೊಂದು ಕಲ್ಲಿನ ಮೇಲೂ ಗುರುತಿದೆ. ಅದು ಗೊತ್ತಿಲ್ಲದ ನಾವು ಜುಲೈನಲ್ಲಿ ಅಲ್ಲಿ ಟೆಂಟ್ ಹಾಕುವ ಆಸೆ ಇಟ್ಟುಕೊಳ್ಳಬಾರದು. ಬಸವಸಾಗರ ಇಲ್ಲಿಗೆ ಹತ್ತಿರ, ಗೇಟ್ ಎತ್ತಿದ ಸುದ್ದಿ ಫೋನಿಗೆ ಬರುವಷ್ಟರಲ್ಲಿ ನೀರೇ ಬಂದಿರಬಹುದು. ಫೋನಿನ ಸಿಗ್ನಲ್ ಅಂತೂ ಕೋಟೆಯ ಒಂದು ಮೂಲೆಯಲ್ಲಿ ಇದ್ದರೆ ಇನ್ನೊಂದರಲ್ಲಿ ಇಲ್ಲ.

ಮಧ್ಯಾಹ್ನ ಮೂರಕ್ಕೆ ಹೊರಟರೆ ಕವಿತಾಳ, ಸಿರವಾರ ದಾರಿಯಲ್ಲಿ ರಾಯಚೂರು ಸೇರಲು ಹೊತ್ತಿರುತ್ತದೆ. ರಸ್ತೆಯ ಎರಡೂ ಬದಿ ಹತ್ತಿ ಬಿರಿದಿತ್ತು, ತುಂಬಿದ ಲಾರಿಗಳಿಂದ ಉದುರಿದ ಅರಳೆ ಜಾಲಿ ಗಿಡಗಳಿಗೆ ಸಿಕ್ಕಿಕೊಂಡಿತ್ತು. ಹಟ್ಟಿ ಚಿನ್ನದ ಗಣಿ ಲಿಂಗಸುಗೂರು ತಾಲ್ಲೂಕಿನಲ್ಲೇ ಇದ್ದರೂ ಸುಮ್ಮನೆ ಹೋದವರನ್ನು ಒಳಗೆ ಬಿಡುವುದಿಲ್ಲ. ಅದಕ್ಕೆಂದು ದಾರಿ ಬಿಟ್ಟು ತಿರುಗಬೇಡಿ.

ನಾಲ್ಕನೇ ದಿನ: ಆತ್ಕೂರು, ಕುರುಗಡ್ಡೆ

ರಾಯಚೂರಿನಿಂದ ಆತ್ಕೂರು ಮುಟ್ಟಲು ಒಂದು ತಾಸು. ಬಸ್ಸು ವಿರಳ, ಮರಳುವ ಬಸ್ಸಿನ ಹೊತ್ತನ್ನು ಕಂಡಕ್ಟರ್ ಬಾಯಿಂದಲೇ ಕೇಳಿಕೊಳ್ಳಿ. ಆಟೊ ಮಾಡುವವರು ಹೋಗಿ ಕಾಯ್ದು ಬರುವುದಕ್ಕೆ ಸೇರಿಸಿ ದರ ಮಾತಾಡಬೇಕು, ಕಾಯುವ ಹೊತ್ತು ಕನಿಷ್ಠ ನಾಲ್ಕು ತಾಸು ಎಂದು ಮೊದಲೇ ಹೇಳಿಬಿಡಿ.

ಕುರುಗಡ್ಡೆ, ಭಕ್ತರ ಬಾಯಲ್ಲಿ ಕುರವಪುರ. ದತ್ತಾತ್ರೇಯನ ಅವತಾರ ಎಂದು ನಂಬುವ ಶ್ರೀಪಾದ ಶ್ರೀವಲ್ಲಭರು ನೆಲೆಸಿದ ಜಾಗ. ಗಡ್ಡೆ ರಾಯಚೂರು ಜಿಲ್ಲೆಯದು, ಆಚೆ ದಂಡೆ ತೆಲಂಗಾಣದ ಪಂಚದೇವ ಪಹಾಡ್. ಅತ್ತಲಿಂದಲೂ ದೋಣಿ ಬರುತ್ತದೆ, ಮಹಾರಾಷ್ಟ್ರದ ಭಕ್ತರೇ ಹೆಚ್ಚು. ಕಟ್ಟೆಯ ಮೇಲೆ ಕನ್ನಡ, ತೆಲುಗು, ಮರಾಠಿ ಮೂರೂ ಕಿವಿಗೆ ಬೀಳುತ್ತವೆ. ಅಂಬಿಗರಿಗೆ ಮೂರೂ ಬರುತ್ತದೆ, ದರ ಮಾತಾಡುವಾಗ ಮಾತ್ರ ಯಾವುದೂ ಸರಿಯಾಗಿ ಕೇಳಿಸುವುದಿಲ್ಲ. ಚಿಲ್ಲರೆ ನೋಟುಗಳಿರಲಿ.

ಇಲ್ಲಿ ಕೃಷ್ಣೆ ತುಂಗಭದ್ರೆಯಂತಲ್ಲ, ಅಗಲ ಹೆಚ್ಚು. ಕೆಳಗೆ ಜುರಾಲ ಜಲಾಶಯದ ಹಿನ್ನೀರು ಇರುವುದರಿಂದ ನೀರು ಬೇಸಿಗೆಗೂ ಪೂರ್ತಿ ಬತ್ತುವುದಿಲ್ಲ. ಅಗಲ ನೀರಿಗೆ ಶತ್ರು ಗಾಳಿ. ಬೆಳಿಗ್ಗೆ ಗಾಜಿನಂತಿದ್ದ ಹೊಳೆ ಮಧ್ಯಾಹ್ನ ಎರಡರ ಮೇಲೆ ಅಲೆ ಏಳುತ್ತದೆ, ಮೂಗಿಲ್ಲದ ತೆಪ್ಪ ಗಾಳಿ ಬೀಸಿದತ್ತ ತೇಲುತ್ತದೆ. ಹಾಗಾಗಿ ಎಂಟರೊಳಗೆ ಆಚೆ, ಎರಡರೊಳಗೆ ಈಚೆ ಎಂಬ ಲೆಕ್ಕ ಇಟ್ಟುಕೊಳ್ಳುವುದು ಒಳ್ಳೆಯದು. ಗುರುವಾರ, ಗುರುಪೂರ್ಣಿಮೆ, ದತ್ತ ಜಯಂತಿಗಳಂದು ಜನ ಹೆಚ್ಚಿ ತೆಪ್ಪಕ್ಕೆ ಮೀರಿ ತುಂಬುತ್ತಾರೆ. ಅಂಚು ನೀರಿನಿಂದ ಒಂದು ಗೇಣಾದರೂ ಮೇಲಿದೆಯೇ ನೋಡಿ. ಇಲ್ಲದಿದ್ದರೆ ಮುಂದಿನ ತೆಪ್ಪಕ್ಕೆ ನಿಲ್ಲಿ. ಅಂದು ಅಮ್ಮನೊಬ್ಬರು ಹತ್ತಿದ ಮೇಲೆ ಇನ್ನಿಬ್ಬರು ಹತ್ತಲು ಬಂದಾಗ ಆ ಅಮ್ಮನೇ ಗದರಿದರು: "ದೇವ್ರು ಅಲ್ಲೇ ಇರ್ತಾನ, ಎಲ್ಲಿಗೂ ಹೋಗಂಗಿಲ್ಲ. ಹಿಂದಿನದಕ್ಕ ಬರ್ರಿ." ಅಂಬಿಗ ಮುಖ ಸಣ್ಣ ಮಾಡಿಕೊಂಡರೂ ತೆಪ್ಪ ಬಿಟ್ಟ.

ಗಡ್ಡೆಗೆ ಇಳಿದ ಮೇಲೆ ಗುಡಿಗೆ ನಡೆಯಬೇಕು. ಹಳೆಯ ಆಲದ ಮರ, ದತ್ತ ಸಂಪ್ರದಾಯದ ಯತಿ ಟೆಂಬೆ ಸ್ವಾಮಿಗಳು ತಪಸ್ಸು ಮಾಡಿದ ಗುಹೆ ನೋಡಿಕೊಂಡು ಮಧ್ಯಾಹ್ನದ ಆರತಿಗೆ ಗುಡಿ ಸೇರಬಹುದು. ಗುಹೆಯೊಳಗೆ ಬಗ್ಗಿ ಹೋಗಬೇಕು, ಕತ್ತಲು. ಪುಟ್ಟ ಟಾರ್ಚ್ ಇರಲಿ. ಅಭಿಷೇಕ ಮಾಡಿಸುವ ಗಂಡಸರು ಪಂಚೆ ತರಬೇಕು. ಉಳಿದು ಗುರುಚರಿತ್ರೆ ಪಾರಾಯಣ ಮಾಡುವವರಿಗೆ ಅರ್ಚಕರ ಮನೆಗಳಲ್ಲಿ ಊಟ, ವಸತಿಗೆ ಅನುಕೂಲವಿದೆ, ಮೊದಲೇ ತಿಳಿಸಿರಬೇಕು. ಹಾಗೇ ಹೋದವರಿಗೂ ಊಟ ಇಲ್ಲವೆನ್ನುವುದಿಲ್ಲ, ಆದರೆ ಅಕ್ಕಿಯಿಂದ ಗ್ಯಾಸ್‌ವರೆಗೆ ಎಲ್ಲವೂ ತೆಪ್ಪದಲ್ಲೇ ಬರುವ ಊರು ಅದು, ತಟ್ಟೆಯಲ್ಲಿ ಬಿಡಬೇಡಿ. ಬಿಪಿ, ಸಕ್ಕರೆಯ ಮಾತ್ರೆ ತೆಗೆದುಕೊಳ್ಳುವವರು ಒಂದು ದಿನದ್ದು ಹೆಚ್ಚಿಗೇ ಇಟ್ಟುಕೊಳ್ಳಿ. ಗಾಳಿಯೋ ನೀರೋ ಹೆಚ್ಚಾಗಿ ತೆಪ್ಪ ನಿಂತರೆ ರಾತ್ರಿ ಅಲ್ಲೇ.

ಒಂದೂವರೆಗೆ ಕಟ್ಟೆಗೆ ಬಂದಾಗಲೇ ಗಾಳಿ ಎದ್ದಿತ್ತು. ನಡುಹೊಳೆಯಲ್ಲಿ ಅಲೆ ಅಂಚಿಗೆ ಬಡಿದು ಒಳಕ್ಕೆ ಚಿಮ್ಮಿತು, ತಳದಲ್ಲಿ ಎರಡು ಬೆರಳು ನೀರು ನಿಂತಿತು. ಅಂಬಿಗ ಪ್ಲಾಸ್ಟಿಕ್ ಡಬ್ಬಿ ಎಸೆದು "ಮೊಗೀರಿ" ಎಂದ, ಎಲ್ಲರೂ ಸರದಿಯಂತೆ ಮೊಗೆದು ಚೆಲ್ಲಿದರು. ಇಷ್ಟು ನೀರಿಗೆ ತೆಪ್ಪ ಮುಳುಗುವುದಿಲ್ಲ, ಗಾಬರಿಯಾಗಿ ಎದ್ದು ನಿಂತರೆ ಮಾತ್ರ ಮಗುಚುತ್ತದೆ. ಫೋನು, ಪರ್ಸು, ಕಾರಿನ ಕೀಲಿಯನ್ನು ಗಂಟು ಕಟ್ಟಿದ ಎರಡು ಪದರದ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟವರು ಆರಾಮಾಗಿದ್ದರು. ಅಂಗಿ ಜೇಬಿನಲ್ಲಿಟ್ಟ ಒಬ್ಬರ ಫೋನು ಮೊಗೆಯಲು ಬಗ್ಗಿದಾಗ ಅದೇ ನೀರಿಗೆ ಬಿತ್ತು. ಕೂಡಲೇ ಸ್ವಿಚ್ ಆಫ್ ಮಾಡಿ ಸಿಮ್ ತಟ್ಟೆ ತೆಗೆದು, ಚಾರ್ಜಿಗೆ ಹಾಕದೆ ರಾತ್ರಿಯಿಡೀ ಫ್ಯಾನಿನ ಗಾಳಿಗೆ ಇಟ್ಟರು, ಬೆಳಿಗ್ಗೆ ಹೊತ್ತಿಕೊಂಡಿತು. ಅಕ್ಕಿಯಲ್ಲಿ ಹೂಳುವುದು ಬೇಡ, ಹಿಟ್ಟು ಚಾರ್ಜಿಂಗ್ ತೂತಿಗೆ ಸೇರಿಕೊಳ್ಳುತ್ತದೆ.

ರಾಯಚೂರು ಮುಂಬೈ–ಚೆನ್ನೈ ಮಾರ್ಗದ ನಿಲ್ದಾಣ, ರೈಲಿಗೆ ಕೊರತೆಯಿಲ್ಲ. ಬಳ್ಳಾರಿ ಕಡೆಯವರಿಗೆ ಮಾನ್ವಿ, ಸಿಂಧನೂರು, ಸಿರುಗುಪ್ಪ ಮೇಲೆ ಬಸ್ಸು ಅನುಕೂಲ. ರೈಲಾದರೆ ಗುಂತಕಲ್ಲಿನ ಮೇಲೆ ಹೋಗಬೇಕು. ಸಂಜೆ ಬಸ್ಸು ಹಿಡಿಯುವವರು ಊಟ ರಾಯಚೂರಿನಲ್ಲೇ ಮುಗಿಸಿ, ದಾರಿಯ ಡಾಬಾಗಳಲ್ಲಿ ನಿಲ್ಲುವುದು ಡ್ರೈವರ್ ಮರ್ಜಿ.